ಕಿವುಡರ ಸಹಪಂಕ್ತಿ: ಫರ್ಡಿನಾಂಡ್ ಬೆರ್ತಿಯೆ ಅವರ ಬದುಕು

ಅಂಧರಿಗಾಗಿ ಲಿಪಿಯನ್ನು ರೂಪಿಸಿದ ಲೂಯಿ ಬ್ರೈಲ್ ಅವರ ಹೆಸರು ಕನ್ನಡದ ಓದುಗರಿಗೆ ಸುಪರಿಚಿತವಾದುದು. ಅವರು ತಮ್ಮ ಲಿಪಿಯನ್ನು ಮೊದಲ ಬಾರಿಗೆ ಪುಸ್ತಕರೂಪದಲ್ಲಿ ಪ್ರಕಟಿಸಿದ್ದು 1829ರಲ್ಲಿ, ಪ್ಯಾರಿಸ್ ನಗರದಲ್ಲಿ. ಅದೇ ವರ್ಷ, ಅದೇ ನಗರದ ಇನ್ನೊಂದು ಶಾಲೆಯಲ್ಲಿ ಕಿವುಡ ತರುಣನೊಬ್ಬ ಪ್ರಾಧ್ಯಾಪಕ ಪದವಿಗೆ ಏರಿದ. ಫರ್ಡಿನಾಂಡ್ ಬೆರ್ತಿಯೆ ಎಂಬ ಆ ತರುಣ ಮುಂದಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಿವುಡರ ಭಾಷೆಗಾಗಿ, ಹಕ್ಕುಗಳಿಗಾಗಿ ಬರೆದರು, ಸಂಘಟಿಸಿದರು, ವಾದಿಸಿದರು. ಜಗತ್ತಿನ ಕಿವುಡ ಸಮುದಾಯಗಳ ಇತಿಹಾಸದಲ್ಲಿ ಅವರ ಹೆಸರಿಗೆ ದೊಡ್ಡ ಸ್ಥಾನವಿದೆ. ಭಾಷೆಯೊಂದರ ಅಧ್ಯಯನವನ್ನೇ ಕಾಯಕವಾಗಿಸಿಕೊಂಡ ನಮ್ಮಂಥವರು ಅವರನ್ನು ಅರಿಯಬೇಕಾದುದಕ್ಕೆ ಮತ್ತೂ ಒಂದು ಕಾರಣವುಂಟು. ಬೆರ್ತಿಯೆ ತಮ್ಮ ಜನರ ಕೊರತೆಯ ಪ್ರಶ್ನೆಯನ್ನು ಭಾಷೆಯ ಪ್ರಶ್ನೆಯನ್ನಾಗಿ ಮಾರ್ಪಡಿಸಿದರು.

ಇಲ್ಲಿ ಪದಬಳಕೆಯ ಬಗ್ಗೆ ಒಂದು ಮಾತು ಅಗತ್ಯ. ಬೆರ್ತಿಯೆ ಅವರ ಕಾಲದಲ್ಲಿ ಕಿವುಡ-ಮೂಗರು ಎಂಬ ಜೋಡುಪದವೇ ಬಳಕೆಯಲ್ಲಿತ್ತು. ಅವರ ಸಂಘದ ಹೆಸರಿನಲ್ಲಿಯೂ ಅದೇ ಇತ್ತು. ಕೈಗಳಿಂದ ಮಾತನಾಡುವವರನ್ನು ಮೂಗರೆನ್ನುವುದು ಸಲ್ಲದೆಂಬ ಅರಿವು ಬಂದುದು ತರುವಾಯ. ಕಿವುಡರು ಎಂಬ ಮಾತನ್ನು ಈ ಲೇಖನದಲ್ಲಿ ಸಮುದಾಯವೊಂದರ ಹೆಸರಾಗಿ ಬಳಸಿದೆ. ಅದರಲ್ಲಿ ಕೀಳರಿಮೆಯ ಸೂಚನೆಯೇನೂ ಇಲ್ಲ.

ಬೆರ್ತಿಯೆ ಹುಟ್ಟಿದ್ದು 1803ರ ಸೆಪ್ಟೆಂಬರ್ 30ರಂದು, ಪೂರ್ವ ಫ್ರಾನ್ಸಿನ ಲೂವಾಂ ಎಂಬ ಸಣ್ಣ ಪಟ್ಟಣದಲ್ಲಿ. ಎಂಟರ ವಯಸ್ಸಿನಲ್ಲಿ, 1811ರಲ್ಲಿ, ಹುಡುಗನನ್ನು ಪ್ಯಾರಿಸ್ಸಿನ ರಾಷ್ಟ್ರೀಯ ಕಿವುಡ-ಮೂಗರ ಸಂಸ್ಥೆಗೆ ಕಳುಹಿಸಲಾಯಿತು. ಓದುಬರಹ ಬಂದು ಏನಾದರೊಂದು ಕೈಕಸುಬು ಕಲಿತರೆ ಸಾಕು ಎಂಬುದೇ ಆ ಕಾಲದಲ್ಲಿ ಅಂಥ ಮಕ್ಕಳ ವಿಷಯದಲ್ಲಿದ್ದ ಸಾಮಾನ್ಯ ನಿರೀಕ್ಷೆ. ಹುಡುಗನಿಗೆ ದೊರೆತದ್ದು ಅದಕ್ಕಿಂತ ದೊಡ್ಡದು. ಆ ಶಾಲೆಯ ಅಂಗಳದಲ್ಲಿ ಎಲ್ಲರೂ ಕೈಗಳಿಂದ ಮಾತನಾಡುತ್ತಿದ್ದರು. ಕಿವಿ ಕೇಳುವವರ ನಡುವೆ ಒಂಟಿಯಾಗಿದ್ದ ಮಗುವಿಗೆ ಅಲ್ಲಿ ಭಾಷೆಯೂ ಒಡನಾಡಿಗಳೂ ಒಟ್ಟಿಗೇ ಸಿಕ್ಕಂತಾಯಿತು.

ಈ ಸಂಸ್ಥೆಯ ಹಿನ್ನೆಲೆಯನ್ನು ತಿಳಿಯದೆ ಬೆರ್ತಿಯೆ ಅವರ ಹೋರಾಟ ಅರ್ಥವಾಗಲಾರದು. ಅದರ ಮೂಲಪುರುಷರು ಅಬ್ಬೆ ದ ಲೆಪೇ (1712–1789) ಎಂಬ ಪಾದ್ರಿಗಳು. ಇಬ್ಬರು ಕಿವುಡ ಸೋದರಿಯರ ಭೇಟಿಯಿಂದ ಪ್ರೇರಿತರಾಗಿ, 1760ರ ಸುಮಾರಿಗೆ ಅವರು ತಮ್ಮ ಮನೆಯಲ್ಲಿಯೇ ಬಡ ಕಿವುಡ ಮಕ್ಕಳಿಗೆ ಪಾಠ ಹೇಳತೊಡಗಿದರು. ಅದಕ್ಕೆ ಮೊದಲು ಐರೋಪ್ಯ ಕಿವುಡರ ಶಿಕ್ಷಣವೆಂದರೆ ಶ್ರೀಮಂತರ ಮಕ್ಕಳಿಗೆ ಖಾಸಗಿಯಾಗಿ ನಾಲ್ಕು ಮಾತುಗಳ ಉಚ್ಚಾರಣೆ ಕಲಿಸುವ ಉದ್ಯೋಗವಾಗಿತ್ತು. ದ ಲೆಪೇ ಹಲವು ಮಕ್ಕಳನ್ನು ಒಂದೆಡೆ ಕೂಡಿಸಿದರು, ಅವರ ಸನ್ನೆಗಳನ್ನು ತಾವೇ ಕಲಿತರು, ಆ ಸನ್ನೆಗಳ ಮೂಲಕವೇ ಕಲಿಸಿದರು. ಫ್ರೆಂಚ್ ಕ್ರಾಂತಿಯ ಬಳಿಕ, 1791ರಲ್ಲಿ, ಸರ್ಕಾರ ಆ ಶಾಲೆಯನ್ನು ರಾಷ್ಟ್ರೀಯ ಸಂಸ್ಥೆಯನ್ನಾಗಿ ವಹಿಸಿಕೊಂಡಿತು.

ಆದರೆ ದ ಲೆಪೇ ಅವರ ವಿಧಾನದಲ್ಲಿ ಒಂದು ತೊಡಕಿತ್ತು. ಕಿವುಡರ ಸನ್ನೆಗಳಿಗೆ ವ್ಯಾಕರಣವಿಲ್ಲವೆಂದು ಅವರು ನಂಬಿದ್ದರು. ಆದ್ದರಿಂದ ಫ್ರೆಂಚ್ ಭಾಷೆಯ ಲಿಂಗ, ಕಾಲ, ಉಪಪದಗಳಿಗೆಲ್ಲ ಒಂದೊಂದು ಕೃತಕ ಸನ್ನೆಯನ್ನು ಕಲ್ಪಿಸಿ, ಅವನ್ನು ಕಿವುಡರ ಸಹಜ ಸನ್ನೆಗಳಿಗೆ ಜೋಡಿಸಿದರು. ಹೀಗೆ ಹೇಳಿ ಬರೆಸಿದ ವಾಕ್ಯಗಳನ್ನು ಮಕ್ಕಳು ತಪ್ಪಿಲ್ಲದೆ ಬರೆಯಬಲ್ಲವರಾದರೂ ಅವುಗಳ ಅರ್ಥ ಅವರಿಗೆ ದಕ್ಕುತ್ತಿರಲಿಲ್ಲ. ಒಂದು ಭಾಷೆಯನ್ನು ಇನ್ನೊಂದರ ವ್ಯಾಕರಣದ ಚೌಕಟ್ಟಿನಲ್ಲಿಟ್ಟು ಅಳೆದಾಗ ಆಗುವ ಇಕ್ಕಟ್ಟು ಎಂಥದೆಂಬುದನ್ನು, ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ವಿವರಿಸಿದ ನಮ್ಮ ವ್ಯಾಕರಣ ಪರಂಪರೆಯನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೆರ್ತಿಯೆ ವಿದ್ಯಾರ್ಥಿಯಾಗಿ ಬಂದಾಗ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ದ ಲೆಪೇ ಅವರ ಉತ್ತರಾಧಿಕಾರಿ ಸಿಕಾರ್. ಅಲ್ಲಿ ಇಬ್ಬರು ಪ್ರತಿಭಾವಂತ ಕಿವುಡ ಅಧ್ಯಾಪಕರಿದ್ದರು: ಜ್ಯಾಂ ಮಾಸ್ಯೂ ಮತ್ತು ಲೊರಾಂ ಕ್ಲೇರ್. ಸಿಕಾರ್ ಅವರು ಸಾರ್ವಜನಿಕ ಪ್ರದರ್ಶನಗಳನ್ನು ಏರ್ಪಡಿಸುತ್ತಿದ್ದರು. ನಗರದ ಗಣ್ಯರೂ ಪರದೇಶದ ಪ್ರವಾಸಿಗರೂ ಬಂದು ನೆರೆಯುತ್ತಿದ್ದರು. ಅವರು ಕೇಳಿದ ಪ್ರಶ್ನೆಗಳಿಗೆ ಮಾಸ್ಯೂ, ಕ್ಲೇರ್ ಮುಂತಾದವರು ವೇದಿಕೆಯ ಮೇಲೆ ನಿಂತು ಹಲಗೆಯಲ್ಲಿ ಉತ್ತರ ಬರೆಯಬೇಕು, ಸಭೆ ಬೆರಗಾಗಬೇಕು. ಕಿವುಡರೂ ಯೋಚಿಸಬಲ್ಲರೆಂಬುದು ಇದರಿಂದ ಲೋಕಕ್ಕೆ ತಿಳಿಯಿತು, ನಿಜ. ಆದರೆ ಕಿವುಡರು ಅಲ್ಲಿ ನೋಟದ ವಸ್ತುವಾಗಿದ್ದರು. ಏನನ್ನು ಕೇಳಬೇಕು, ಎಷ್ಟು ಹೊತ್ತು ಕೇಳಬೇಕು ಎಂಬುದೆಲ್ಲ ಕಿವಿ ಕೇಳುವವರ ಕೈಯಲ್ಲಿತ್ತು. 1816ರಲ್ಲಿ ಕ್ಲೇರ್ ಅಮೆರಿಕೆಗೆ ತೆರಳಿ, ಮರುವರ್ಷ ಹಾರ್ಟ್‌ಫರ್ಡ್‌ನಲ್ಲಿ ಆರಂಭವಾದ ಕಿವುಡರ ಶಾಲೆಯ ಸ್ಥಾಪನೆಯಲ್ಲಿ ಭಾಗಿಗಳಾದರು. ಅಮೆರಿಕದ ಸನ್ನೆಭಾಷೆಯಲ್ಲಿ ಫ್ರೆಂಚ್ ಸನ್ನೆಭಾಷೆಯ ಗುರುತು ಇಂದಿಗೂ ಉಳಿದಿರುವುದು ಈ ಕಾರಣದಿಂದ.

ಬೆರ್ತಿಯೆ ಅವರ ಮನಸ್ಸನ್ನು ತಿದ್ದಿ ರೂಪಿಸಿದ ಗುರು ಬೆಬಿಯಾಂ. ಗ್ವಾಡೆಲೂಪ್ ದ್ವೀಪದಲ್ಲಿ ಹುಟ್ಟಿದ, ಕಿವಿ ಕೇಳುವ ಈ ಅಧ್ಯಾಪಕರು ವಿದ್ಯಾರ್ಥಿಗಳ ಜೊತೆ ಬೆರೆತು ಅವರ ಭಾಷೆಯನ್ನು ಅವರಂತೆಯೇ ಆಡಬಲ್ಲವರಾದರು. 1817ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಕೃತಕ ಸನ್ನೆಗಳನ್ನು ಕೈಬಿಟ್ಟು ಕಿವುಡರ ಸಹಜ ಭಾಷೆಯಲ್ಲಿಯೇ ಪಾಠ ನಡೆಯಬೇಕೆಂದು ವಾದಿಸಿದರು. 1825ರಲ್ಲಿ ಸನ್ನೆಗಳನ್ನು ಬರೆದಿಡಲು ಒಂದು ಲಿಪಿಯನ್ನೇ ಸೂಚಿಸಿದರು. ಆ ಹೊತ್ತಿಗೆ, ಆಡಳಿತದೊಂದಿಗಿನ ವಿರಸದಿಂದಾಗಿ, ಅವರು ಸಂಸ್ಥೆಯಿಂದ ಹೊರಬಿದ್ದು ನಾಲ್ಕು ವರ್ಷಗಳಾಗಿದ್ದವು. 1830ರ ಕ್ರಾಂತಿಯಲ್ಲಿ ಲೂಯಿ ಫಿಲಿಪ್ ಸಿಂಹಾಸನಕ್ಕೆ ಬಂದಾಗ, ಬೆರ್ತಿಯೆ ಮತ್ತು ಅವರ ಸಹೋದ್ಯೋಗಿ ಲೆನ್ವಾರ್ ತಮ್ಮ ಗುರುವನ್ನು ಮರಳಿ ಕರೆಸಬೇಕೆಂದು ಹೊಸ ಅರಸನಿಗೆ ಮನವಿ ಸಲ್ಲಿಸಿದರು. ಫಲ ದೊರೆಯಲಿಲ್ಲ. ಆದರೂ ಅಧಿಕಾರದ ಬಾಗಿಲಿಗೆ ಕಿವುಡರು ತಾವೇ ಹೋಗಿ, ತಮ್ಮ ಶಿಕ್ಷಣ ಹೇಗಿರಬೇಕೆಂದು ತಾವೇ ಹೇಳಿದ ಆ ನಡೆಯಲ್ಲಿ ಮುಂದಿನದರ ಸೂಚನೆಯಿತ್ತು.

ಮುಂದೆ ಬಂದದ್ದು ಕಷ್ಟದ ಕಾಲ. 1831ರಲ್ಲಿ ಸಂಸ್ಥೆಯ ನಿರ್ದೇಶಕರಾದ ಒರ್ದಿನೇರ್ ಅವರಿಗೆ ಉಚ್ಚಾರಣೆಯ ಶಿಕ್ಷಣದಲ್ಲಿ ಹೆಚ್ಚಿನ ಒಲವು. ಮಾತು ಕಲಿಸುವುದೇ ಅಧ್ಯಾಪಕನ ಮುಖ್ಯ ಕೆಲಸವಾದರೆ, ತಾನೇ ಕಿವುಡನಾದ ಅಧ್ಯಾಪಕನಿಗೆ ಶಾಲೆಯಲ್ಲಿ ಎಡೆಯೆಲ್ಲಿ? ಬೆರ್ತಿಯೆ ಮತ್ತು ಅವರ ಗೆಳೆಯರ ಸ್ಥಾನಕ್ಕೇ ಕುತ್ತು ಬಂದಿತ್ತು. ಶಾಲೆಯ ಒಳಗೆ ಅವರ ಮಾತಿಗೆ ಬೆಲೆ ಕುಗ್ಗಿದಾಗ ಅವರು ಶಾಲೆಯ ಹೊರಗೆ ಒಂದು ವೇದಿಕೆಯನ್ನು ಕಟ್ಟಿಕೊಂಡರು. ಆ ವೇದಿಕೆ ಒಂದು ಊಟದ ಮೇಜಾಗಿತ್ತು.

ಊಟವೇ ಏಕೆ ಎಂಬ ಪ್ರಶ್ನೆ ಸಹಜ. ಇಪ್ಪತ್ತಕ್ಕಿಂತ ಹೆಚ್ಚು ಮಂದಿಯ ಸಂಘಕ್ಕೆ ಸರ್ಕಾರದ ಅನುಮತಿ ಬೇಕೆಂಬ ನಿಯಮ ಫ್ರಾನ್ಸಿನ ದಂಡಸಂಹಿತೆಯಲ್ಲಿತ್ತು. 1834ರ ಏಪ್ರಿಲ್ ತಿಂಗಳ ಕಾಯಿದೆ ಅದನ್ನು ಇನ್ನಷ್ಟು ಬಿಗಿಗೊಳಿಸಿತ್ತು. ಔತಣಕ್ಕೆ ಸಂಘದ ರೂಪವಿಲ್ಲ. ಅಲ್ಲಿ ಒಬ್ಬೊಬ್ಬರೂ ಎದ್ದು ಶುಭ ಕೋರುವ ನೆಪದಲ್ಲಿ ಭಾಷಣ ಮಾಡಬಹುದು. ಆ ಕಾಲದ ಫ್ರೆಂಚ್ ರಾಜಕೀಯದಲ್ಲಿ ಔತಣಕೂಟಕ್ಕೆ ಇದ್ದ ಬಲ ಎಷ್ಟೆಂಬುದು 1848ರಲ್ಲಿ ತಿಳಿಯಿತು: ಮತದಾನದ ಸುಧಾರಣೆಗಾಗಿ ಏರ್ಪಟ್ಟಿದ್ದ ಔತಣವೊಂದನ್ನು ಸರ್ಕಾರ ತಡೆದುದೇ ಅರಸೊತ್ತಿಗೆ ಉರುಳಲು ಕಿಡಿಯಾಯಿತು.

1834ರ ನವೆಂಬರ್ 30, ಭಾನುವಾರ. ಅದಕ್ಕೆ ಆರು ದಿನ ಮೊದಲು ದ ಲೆಪೇ ಅವರು ಹುಟ್ಟಿ 122 ವರ್ಷಗಳು ತುಂಬಿದ್ದವು. ಆ ನೆನಪಿಗಾಗಿ ಐವತ್ತಕ್ಕೂ ಹೆಚ್ಚು ಕಿವುಡರು ಪ್ಯಾರಿಸ್ಸಿನಲ್ಲಿ ಒಟ್ಟಿಗೆ ಊಟಕ್ಕೆ ಕುಳಿತರು. ಅಧ್ಯಾಪಕರು, ಚಿತ್ರಕಾರರು, ಲೋಹದ ಮೇಲೆ ಕೆತ್ತುವವರು, ಅಚ್ಚುಕೂಟದ ಕೆಲಸಗಾರರು, ಸಾಮಾನ್ಯ ಕೂಲಿಕಾರರು ಎಲ್ಲರೂ ಆ ಪಂಕ್ತಿಯಲ್ಲಿದ್ದರು. ಭಾಷಣಗಳೆಲ್ಲ ಸನ್ನೆಯಲ್ಲಿ ನಡೆದವು. ಅಂದಿನಿಂದ ಈ ಔತಣ ವರ್ಷವರ್ಷವೂ ನಡೆಯತೊಡಗಿತು. ಪರದೇಶದ ಕಿವುಡರೂ ಬಂದು ಸೇರಿಕೊಂಡರು. ಒಂದೊಂದು ದೇಶದ ಸನ್ನೆ ಬೇರೆಯಾದರೂ ಬಲುಬೇಗ ಒಬ್ಬರನ್ನೊಬ್ಬರು ತಿಳಿಯಬಲ್ಲವರಾಗುತ್ತಿದ್ದುದು ಬೆರ್ತಿಯೆ ಅವರಿಗೆ ದೊಡ್ಡ ಹೆಮ್ಮೆಯ ಸಂಗತಿಯಾಗಿತ್ತು. ಈ ಔತಣಗಳ ವರದಿಗಳು ಮುಂದೆ ಪುಸ್ತಕರೂಪದಲ್ಲಿಯೂ ಪ್ರಕಟವಾದವು.

ಈ ಕೂಟಕ್ಕೆ ಕಿವಿ ಕೇಳುವವರನ್ನೂ ಕರೆಯುತ್ತಿದ್ದರು. ಪತ್ರಕರ್ತರು, ಸಾಹಿತಿಗಳು, ಅಧಿಕಾರಿಗಳು ಅತಿಥಿಗಳಾಗಿ ಬರುತ್ತಿದ್ದರು. ಇದರ ಮಹತ್ವವನ್ನು ಸಿಕಾರ್ ಅವರ ಪ್ರದರ್ಶನಗಳ ಪಕ್ಕದಲ್ಲಿಟ್ಟು ನೋಡಬೇಕು. ಪ್ರದರ್ಶನದಲ್ಲಿ ಕಿವುಡರು ವೇದಿಕೆಯ ಮೇಲೆ, ಲೋಕ ಎದುರಿಗೆ. ಔತಣದಲ್ಲಿ ಕಿವುಡರೇ ಯಜಮಾನರು, ಲೋಕ ಅವರ ಅತಿಥಿ. ಎಲ್ಲರೂ ನಗುತ್ತಿರುವಾಗ ಏಕೆಂದು ತಿಳಿಯದೆ, ಪಕ್ಕದವರು ವಿವರಿಸುವ ತನಕ ಕಾದು ಕುಳಿತಿರಬೇಕಾದವರು ಈ ಬಾರಿ ಕಿವಿ ಕೇಳುವವರು. ದುಭಾಷಿ ಬೇಕಾದದ್ದು ಅವರಿಗೆ. ಕೊರತೆಯೆಂಬುದು ಒಬ್ಬನ ಕಿವಿಯಲ್ಲಷ್ಟೇ ಇರುವುದಿಲ್ಲ, ಸಭೆಯ ಏರ್ಪಾಟಿನಲ್ಲಿಯೂ ಇರುತ್ತದೆ ಎಂಬ ತತ್ತ್ವವನ್ನು ವಿದ್ವಾಂಸರು ಗ್ರಂಥಗಳಲ್ಲಿ ಪ್ರತಿಪಾದಿಸುವುದಕ್ಕೆ ಬಹಳ ಮೊದಲೇ ಬೆರ್ತಿಯೆ ಮತ್ತು ಅವರ ಗೆಳೆಯರು ಅದನ್ನು ಊಟದ ಮೇಜಿನ ಮೇಲೆ ಮಾಡಿ ತೋರಿಸಿದರು. ಯಾರು ಯಾರ ಜೊತೆ ಕುಳಿತು ಉಣ್ಣಬಹುದೆಂಬ ಪ್ರಶ್ನೆಯ ಸುತ್ತ ನಮ್ಮ ನಾಡಿನಲ್ಲಿ ಎಷ್ಟು ಹೋರಾಟಗಳು ನಡೆದಿವೆ! ಸಹಪಂಕ್ತಿಯ ಅರ್ಥವನ್ನು ಬಲ್ಲ ನಮಗೆ ಪ್ಯಾರಿಸ್ಸಿನ ಆ ಊಟದ ಗುರಿ ದೂರದ್ದೆನಿಸದು.

ಹಾಗೆಂದು ಆ ಪಂಕ್ತಿ ಎಲ್ಲರಿಗೂ ತೆರೆದಿತ್ತೆಂದು ಹೇಳುವಂತಿಲ್ಲ. ದೀರ್ಘಕಾಲ ಅಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಊಟದ ವೆಚ್ಚವನ್ನು ಭರಿಸಲಾರದ ಬಡ ಕಿವುಡರೂ ಶಾಲೆಯ ಮುಖವನ್ನೇ ಕಾಣದ ಹಳ್ಳಿಗಾಡಿನ ಕಿವುಡರೂ ಅದರ ಹೊರಗೇ ಉಳಿದರು. ಇಬ್ಬರು ಸೋದರಿಯರಿಗೆ ಪಾಠ ಹೇಳಿ ಕೆಲಸ ಆರಂಭಿಸಿದ ಗುರುವಿನ ಜಯಂತಿಯಲ್ಲಿ ಸೋದರಿಯರಿಗೇ ಎಲೆ ಹಾಕದಿದ್ದುದು ಅಂದಿನ ಕಾಲದ ಮಿತಿ. ಬೆರ್ತಿಯೆ ಅವರ ಮಿತಿಯೂ ಹೌದು.

ಔತಣಗಳ ಬೆನ್ನಿಗೇ, 1838ರಲ್ಲಿ, ಪ್ಯಾರಿಸ್ಸಿನ ಕಿವುಡ-ಮೂಗರ ಕೇಂದ್ರ ಸಂಘ ಹುಟ್ಟಿತು. ಕಿವುಡರು ತಾವೇ ಕಟ್ಟಿ ತಾವೇ ನಡೆಸಿದ ಸಂಘಗಳಲ್ಲಿ ಜಗತ್ತಿನಲ್ಲಿಯೇ ಮೊದಲನೆಯದೆಂದು ಇತಿಹಾಸಕಾರರು ಇದನ್ನು ಪರಿಗಣಿಸುತ್ತಾರೆ. ಶಾಲೆಯನ್ನು ಬಿಟ್ಟು ಹೊರಬಂದ ಕಿವುಡರು ಊರೂರುಗಳಲ್ಲಿ ಚದುರಿ ಮತ್ತೆ ಒಂಟಿಯಾಗುತ್ತಿದ್ದರು. ಅವರಿಗೆ ಪರಸ್ಪರ ನೆರವು, ಕಾನೂನಿನ ಸಲಹೆ, ದುಡಿಯುವವರಿಗೆ ಬಿಡುವಿನಲ್ಲಿ ಪಾಠ, ಇವು ಸಂಘದ ಉದ್ದೇಶಗಳು. 1867ರಲ್ಲಿ ಅದು ಸಾರ್ವತ್ರಿಕ ಸಂಘವೆಂಬ ಹೆಸರಿನಲ್ಲಿ ಮರುರೂಪ ಪಡೆಯಿತು. ಸಾಹಿತಿ ವಿಕ್ಟರ್ ಹ್ಯೂಗೋ ಬೆರ್ತಿಯೆ ಅವರ ಅಭಿಮಾನಿಗಳಾಗಿದ್ದರು. 1845ರಲ್ಲಿ ಹ್ಯೂಗೋ ಅವರಿಗೆ ಬರೆದ ಪತ್ರವೊಂದು ಕಿವುಡರ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ.

ಲೇಖಕರಾಗಿ ಬೆರ್ತಿಯೆ ಅವರ ಸಾಧನೆ ಗಣನೀಯವಾದುದು. ಬೆಬಿಯಾಂ ತೀರಿಕೊಂಡ 1839ರಲ್ಲಿಯೇ ಅವರ ಕುರಿತ ಗ್ರಂಥ ಬಂತು. ಮರುವರ್ಷ, ದ ಲೆಪೇ ಅವರಿಗೆ ಮುಂಚಿನ ಮತ್ತು ತರುವಾಯದ ಕಿವುಡರ ಸ್ಥಿತಿಯನ್ನು ಕುರಿತ ಗ್ರಂಥ ಬಂತು. 1852ರಲ್ಲಿ ದ ಲೆಪೇ ಅವರ ಜೀವನಚರಿತ್ರೆ; 1873ರಲ್ಲಿ ಸಿಕಾರ್ ಅವರ ಚರಿತ್ರೆ, ಅದರೊಡನೆ ಮಾಸ್ಯೂ ಮತ್ತು ಕ್ಲೇರ್ ಅವರ ಪರಿಚಯ. ಒಂದು ಜನತೆಗೆ ಭಾಷೆಯೊಂದಿದ್ದರೆ ಸಾಲದು, ತನ್ನ ಪೂರ್ವಿಕರ ನೆನಪೂ ಬೇಕು ಎಂದು ಅವರು ಅರಿತಿದ್ದರೆಂಬುದಕ್ಕೆ ಈ ಪುಸ್ತಕಗಳ ಸಾಲೇ ಸಾಕ್ಷಿ.

ಸಂಸ್ಥೆಯ ವೈದ್ಯರಾಗಿದ್ದ ಇತಾರ್ ಅವರ ಅಭಿಪ್ರಾಯಗಳಿಗೆ 1852ರಲ್ಲಿ ಬರೆದ ಉತ್ತರ ವಿಶೇಷವಾಗಿ ಉಲ್ಲೇಖನೀಯ. ಇತಾರ್ ವಿದ್ಯಾರ್ಥಿಗಳ ಕಿವಿಗಳ ಮೇಲೆ ನಾನಾ ಚಿಕಿತ್ಸೆಗಳನ್ನು ಪ್ರಯೋಗಿಸಿದವರು. ಕಿವುಡರ ಬುದ್ಧಿಶಕ್ತಿ ಮತ್ತು ನೈತಿಕ ಶಕ್ತಿಯ ಬಗ್ಗೆ ಕೆಲವು ಕಠಿಣ ತೀರ್ಮಾನಗಳನ್ನೂ ಬರೆದಿಟ್ಟವರು. ವೈದ್ಯನ ಕಣ್ಣಿಗೆ ರೋಗಿಯಾಗಿ ಕಂಡವನೇ ಲೇಖನಿ ಹಿಡಿದು ವೈದ್ಯನ ತರ್ಕವನ್ನು ಪರೀಕ್ಷಿಸಿದ ಅಪರೂಪದ ಪ್ರಸಂಗವಿದು.

ಕಾನೂನಿನ ಕ್ಷೇತ್ರದಲ್ಲಿಯೂ ಬೆರ್ತಿಯೆ ದುಡಿದರು. ಫ್ರಾನ್ಸಿನ ಸಿವಿಲ್ ಸಂಹಿತೆಯ 936ನೆಯ ವಿಧಿಯ ಪ್ರಕಾರ, ಬರೆಯಬಲ್ಲ ಕಿವುಡ-ಮೂಗನು ತನಗೆ ಬಂದ ದಾನವನ್ನು ತಾನೇ ಸ್ವೀಕರಿಸಬಹುದಿತ್ತು. ಬರೆಯಲಾರದವನ ಪರವಾಗಿ ನೇಮಿತನಾದ ಪಾಲಕ ಅದನ್ನು ಸ್ವೀಕರಿಸಬೇಕಿತ್ತು. ಅಂದರೆ ಅಕ್ಷರ ಬಂದರೆ ನಾಗರಿಕ, ಬಾರದಿದ್ದರೆ ಪರಾಧೀನ. ಇಂಥ ವಿಧಿಗಳು ಯಾರ ಬದುಕನ್ನು ಆಳುತ್ತಿದ್ದುವೋ ಅವರಿಗೇ ಅವು ಅರ್ಥವಾಗುತ್ತಿರಲಿಲ್ಲ. 1868ರಲ್ಲಿ ಬೆರ್ತಿಯೆ ಆ ಸಂಹಿತೆಯನ್ನು ಕಿವುಡರಿಗೆ ತಿಳಿಯುವಂತೆ ವಿವರಿಸಿ ಪುಸ್ತಕವನ್ನು ಹೊರತಂದರು.

1848ರ ಕ್ರಾಂತಿಯ ಬಳಿಕ ಗಂಡಸರೆಲ್ಲರಿಗೂ ಮತದಾನದ ಹಕ್ಕು ದೊರೆತಾಗ ಅವರು ಸಂವಿಧಾನ ಸಭೆಗೆ ಅಭ್ಯರ್ಥಿಯಾಗಿ ನಿಂತರು. ಗೆಲ್ಲಲಿಲ್ಲ. ಆದರೆ ಕಿವುಡನೊಬ್ಬ ರಾಷ್ಟ್ರದ ಶಾಸನಸಭೆಯಲ್ಲಿ ಕೂರಬಹುದೆಂಬ ಕಲ್ಪನೆಯನ್ನು ಜನರ ಮುಂದಿಟ್ಟಂತಾಯಿತು. 1849ರಲ್ಲಿ ಫ್ರಾನ್ಸಿನ ಲೀಜನ್ ಆಫ್ ಆನರ್ ಗೌರವ ಅವರಿಗೆ ಸಂದಿತು. ಆ ಗೌರವ ಪಡೆದ ಮೊದಲ ಕಿವುಡರು ಅವರು.

ಇಷ್ಟೆಲ್ಲ ಸಾಧಿಸಿದ ಮೇಲೆ ಬೆರ್ತಿಯೆ ತಮ್ಮ ಇಳಿವಯಸ್ಸಿನಲ್ಲಿ ಕಂಡದ್ದು ದೊಡ್ಡ ಸೋಲನ್ನು. 1880ರ ಸೆಪ್ಟೆಂಬರಿನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಣವನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಬಂದಿದ್ದ ಪ್ರತಿನಿಧಿಗಳಲ್ಲಿ ಬಹುತೇಕ ಎಲ್ಲರೂ ಕಿವಿ ಕೇಳುವವರು. ಸನ್ನೆಗಿಂತ ಮಾತು ಶ್ರೇಷ್ಠ, ಆದ್ದರಿಂದ ಶಾಲೆಗಳಲ್ಲಿ ಶುದ್ಧ ಮೌಖಿಕ ವಿಧಾನವೇ ಇರಬೇಕು ಎಂದು ಅಲ್ಲಿ ನಿರ್ಣಯವಾಯಿತು. ಫ್ರಾನ್ಸಿನ ಶಾಲೆಗಳು ಆ ದಾರಿ ಹಿಡಿದವು. ಬೆರ್ತಿಯೆ ಕಲಿತು ಕಲಿಸಿದ ಸಂಸ್ಥೆಯ ತರಗತಿಗಳಿಂದಲೇ ಅವರ ಭಾಷೆ ಹೊರಬಿತ್ತು. ಕಿವುಡ ಅಧ್ಯಾಪಕರಿಗೆ ಅಲ್ಲಿ ಕೆಲಸವಿಲ್ಲದಂತಾಯಿತು. 1886ರ ಜುಲೈ 12ರಂದು ಬೆರ್ತಿಯೆ ಕಾಲವಾದಾಗ ಅವರು ಕಟ್ಟಿದ್ದು ಕುಸಿದಂತೆಯೇ ತೋರುತ್ತಿತ್ತು.

ಆದರೆ ತರಗತಿಯಲ್ಲಿ ನಿಷೇಧಕ್ಕೊಳಗಾದ ಭಾಷೆ ಸಂಘಗಳಲ್ಲಿ, ವಾರ್ಷಿಕ ಔತಣಗಳಲ್ಲಿ, ಶಾಲಾ ಮಕ್ಕಳ ಗುಟ್ಟಿನ ಮಾತುಕತೆಯಲ್ಲಿ ಉಳಿದುಕೊಂಡಿತು. ಶಾಲೆ ಬಿಟ್ಟುಕೊಟ್ಟದ್ದನ್ನು ಕೂಟ ಕಾಪಾಡಿತು. ಅಮೆರಿಕದ ಸನ್ನೆಭಾಷೆಗೆ ತನ್ನದೇ ಆದ ರಚನೆಯಿದೆಯೆಂದು ವಿಲಿಯಂ ಸ್ಟೋಕಿ 1960ರಲ್ಲಿ ಭಾಷಾಶಾಸ್ತ್ರದ ಕ್ರಮದಿಂದ ತೋರಿಸಿಕೊಟ್ಟರು. ಬೆಬಿಯಾಂ ಮತ್ತು ಬೆರ್ತಿಯೆ ತಮ್ಮ ಅನುಭವದಿಂದ ಹೇಳಿದ್ದಕ್ಕೆ ಹೀಗೆ ಶಾಸ್ತ್ರದ ಆಧಾರ ದೊರೆಯಿತು. 2005ರಲ್ಲಿ ಫ್ರಾನ್ಸಿನ ಕಾನೂನು ಫ್ರೆಂಚ್ ಸನ್ನೆಭಾಷೆಯನ್ನು ಪೂರ್ಣ ಭಾಷೆಯೆಂದು ಅಂಗೀಕರಿಸಿತು. 2010ರಲ್ಲಿ ವ್ಯಾಂಕೂವರ್ ನಗರದಲ್ಲಿ ಸೇರಿದ ಕಿವುಡರ ಶಿಕ್ಷಣದ ಅಂತರರಾಷ್ಟ್ರೀಯ ಸಮ್ಮೇಳನ ಮಿಲಾನಿನ ನಿರ್ಣಯಗಳನ್ನು ತಳ್ಳಿಹಾಕಿ, ಅವುಗಳಿಂದ ಆದ ಹಾನಿಗೆ ವಿಷಾದ ಸೂಚಿಸಿತು. ನಡುವೆ ನೂರಮೂವತ್ತು ವರ್ಷಗಳು ಕಳೆದಿದ್ದವು.

ಭಾರತದಲ್ಲಿ ಕಿವುಡರ ಮೊದಲ ಶಾಲೆ ಮುಂಬಯಿಯಲ್ಲಿ ಆರಂಭವಾದದ್ದು ಬೆರ್ತಿಯೆ ಅವರ ಕೊನೆಯ ದಿನಗಳಲ್ಲಿ, 1880ರ ದಶಕದಲ್ಲಿ. ಭಾರತೀಯ ಸನ್ನೆಭಾಷೆಯ ಸಂಶೋಧನೆ ಮತ್ತು ತರಬೇತಿಗಾಗಿ ದೆಹಲಿಯಲ್ಲಿ ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾದದ್ದು 2015ರಲ್ಲಿ. ಸನ್ನೆಭಾಷೆ ಮತ್ತು ಬ್ರೈಲ್ ಬಲ್ಲ ಅಧ್ಯಾಪಕರನ್ನು, ಅಂಗವಿಕಲರಾದ ಅಧ್ಯಾಪಕರನ್ನೂ ಒಳಗೊಂಡಂತೆ, ತರಬೇತುಗೊಳಿಸಿ ನೇಮಿಸಬೇಕೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಹೇಳುತ್ತದೆ. 1830ರ ದಶಕದಲ್ಲಿ ಬೆರ್ತಿಯೆ ತಮ್ಮ ಸಹೋದ್ಯೋಗಿಗಳ ಪರವಾಗಿ ಕೇಳಿದ್ದು ಹೆಚ್ಚುಕಡಿಮೆ ಇದನ್ನೇ.

ಭಾಷೆಯ ವಿಭಾಗಗಳಲ್ಲಿ ದುಡಿಯುವ ನಮಗೆ ಈ ಬದುಕು ಒಂದು ಪ್ರಶ್ನೆಯನ್ನು ಬಿಟ್ಟುಹೋಗಿದೆ. ತಮ್ಮ ನುಡಿಯನ್ನು ಆಡುವವರು ವಿರಳವಾದ ದೊಡ್ಡ ನಗರದಲ್ಲಿ ನೆಲೆಸಿದವರಿಗೆ, ವರ್ಷಕ್ಕೊಮ್ಮೆಯಾದರೂ ಒಂದೆಡೆ ಕಲೆತು ಆ ನುಡಿಯಲ್ಲಿ ಮಾತನಾಡುವುದರ ಬೆಲೆ ತಿಳಿದಿರುತ್ತದೆ. ಹೊರನಾಡ ಕನ್ನಡಿಗರಿಗಂತೂ ಇದನ್ನು ಹೇಳಿಕೊಡಬೇಕಾಗಿಲ್ಲ. ಹಾಗಿರುವಾಗ ನಾವು ನಡೆಸುವ ವಿಚಾರಸಂಕಿರಣಗಳಿಗೆ, ಕವಿಗೋಷ್ಠಿಗಳಿಗೆ ಕಿವುಡ ವಿದ್ಯಾರ್ಥಿಯೊಬ್ಬ ಬಂದರೆ ಅವನಿಗೆ ಕುರ್ಚಿಯೊಂದನ್ನು ಕೊಟ್ಟು ಸುಮ್ಮನಾಗುತ್ತೇವೆಯೋ, ಅವನ ಭಾಷೆಯಲ್ಲಿ ಮಾತನಾಡಬಲ್ಲ ಒಬ್ಬ ದುಭಾಷಿಯನ್ನೂ ಕರೆಸುತ್ತೇವೆಯೋ? ಪಂಕ್ತಿಯಲ್ಲಿ ಎಡೆ ಕೊಡುವುದು ಒಂದು, ಮಾತಿನಲ್ಲಿ ಪಾಲು ಕೊಡುವುದು ಇನ್ನೊಂದು. ಫರ್ಡಿನಾಂಡ್ ಬೆರ್ತಿಯೆ ತಮ್ಮ ಜನರಿಗಾಗಿ ಬಯಸಿದ್ದು ಎರಡನೆಯದನ್ನು.